ಅಳತೆ ಆಗುವವರೆಗೆ

ಬಾಲರಾಜ್ ಸರ್ ಕೆಟ್ಟವರಾ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಒಳ್ಳೆಯವರಾ ಎಂದು ಕೇಳಿದರೂ ಬರುತ್ತದೆ. ಇಪ್ಪತ್ತೊಂದು ವರ್ಷದಿಂದ ಅವರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೇನೆ. ಅವರು ಕೋರ್ಟಿಗೆ ಕೊಟ್ಟ ಪ್ರತಿಯೊಂದು ಮಾತೂ ಮೊದಲು ನನ್ನ ಬೆರಳು ದಾಟಿ ಹೋಗಿದೆ. ಅವರನ್ನು ಬೈಯಬೇಕೆಂದಿರುವವರು ನನಗೂ ಒಂದು ಪಾಲು ಎತ್ತಿಡಲಿ, ನಾನು ಬೇಡ ಅನ್ನುವುದಿಲ್ಲ.

ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ಕೆಳಗೆ ಔಷಧಿ ಅಂಗಡಿ, ಮೇಲೆ ನಮ್ಮ ಆಫೀಸು. ಸರ್ ರಸ್ತೆ ಅಪಘಾತದ ಪರಿಹಾರದ ಕೇಸು ಬಿಟ್ಟು ಬೇರೇನನ್ನೂ ಮುಟ್ಟಿದವರಲ್ಲ. ಗಂಡ ಹೆಂಡತಿ ಜಗಳ ಬೇಡ, ಸೈಟಿನ ತಕರಾರು ಬೇಡ. ಯಲಹಂಕದಿಂದ ಯಶವಂತಪುರದವರೆಗೆ ರಸ್ತೆಯಲ್ಲಿ ಕೈಕಾಲು ಮುರಿದುಕೊಂಡವರು ನಮ್ಮ ಮೆಟ್ಟಿಲು ಹತ್ತಿ ಬರುತ್ತಾರೆ, ಹತ್ತಲಾಗದವರು ಕೆಳಗೆ ಆಟೋದಲ್ಲೇ ಕೂತಿರುತ್ತಾರೆ, ಸರ್ ಇಳಿದು ಹೋಗಿ ಮಾತಾಡಿಸುತ್ತಾರೆ. ಹೆಬ್ಬಾಳದ ಫ್ಲೈಓವರ್ ಮೇಲೆ ಹೋಗುವಾಗ ಬೇರೆಯವರು ಕೆರೆ ನೋಡುತ್ತಾರೆ. ಸರ್ ಮಾತ್ರ ಇಲ್ಲಿ ಒಂದು ಸೊಂಟ, ಆ ತಿರುವಿನಲ್ಲಿ ಎರಡು ಮೊಣಕಾಲು ಎಂದು ತೋರಿಸುತ್ತಾ ಕಾರು ಓಡಿಸುತ್ತಾರೆ. ಊರನ್ನು ಹೀಗೂ ನೆನಪಿಟ್ಟುಕೊಳ್ಳಬಹುದು ಎಂದು ನನಗೆ ಗೊತ್ತಿರಲಿಲ್ಲ.

ಕೆಲಸದಲ್ಲಿ ಅವರನ್ನು ಮೀರಿಸಿದವರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗಾರೆ ಕೆಲಸದ ಸಂಗಪ್ಪನಿಗೆ ಕಾಲು ಹೋದಾಗ ವಿಮಾ ಕಂಪನಿಯವರು ಇವನಿಗೆ ಸಂಬಳದ ಚೀಟಿ ಎಲ್ಲಿದೆ, ಸಂಪಾದನೆ ಇತ್ತು ಅನ್ನುವುದಕ್ಕೆ ಏನು ಆಧಾರ ಎಂದರು. ಸರ್ ಅವನು ಕಟ್ಟಿದ್ದ ಮನೆಗಳ ಫೋಟೋ ತೆಗೆಸಿದರು. ಮೂವರು ಮನೆ ಯಜಮಾನರನ್ನು ಕೈಕಾಲು ಹಿಡಿದು ಸಾಕ್ಷಿಗೆ ಕರೆತಂದರು. ಸಂಗಪ್ಪ ಈಗ ಅಂಗಡಿ ಇಟ್ಟುಕೊಂಡಿದ್ದಾನೆ. ಇಂಥವರು ನೂರಾರು ಜನ. ದೀಪಾವಳಿಗೆ ಆಫೀಸಿನಲ್ಲಿ ಸಿಹಿ ಇಡಲು ಜಾಗ ಇರುವುದಿಲ್ಲ.

ಆದರೆ ಅವರದ್ದೊಂದು ನಿಯಮ ಇತ್ತು. ಸಾಕ್ಷ್ಯ ಮುಗಿಯುವವರೆಗೆ ನಮ್ಮ ಕಕ್ಷಿದಾರರು ಯಾರೂ ಗುಣವಾಗಕೂಡದು.

ಅದು ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಅವರ ತಂದೆ ಮುನಿರಾಮಯ್ಯನವರಿಂದ ಶುರು ಮಾಡಬೇಕು. ಜಕ್ಕೂರಿನ ಹಳೇ ಊರಿನವರು. ಸೈಕಲ್ಲಿನಲ್ಲಿ ಸೊಪ್ಪು ಕಟ್ಟಿಕೊಂಡು ಬಳ್ಳಾರಿ ರಸ್ತೆಯಲ್ಲಿ ಮಾರ್ಕೆಟ್ಟಿಗೆ ಹೋಗುತ್ತಿದ್ದವರು. ತೊಂಬತ್ಮೂರನೇ ಇಸವಿಯಲ್ಲಿ ಜಕ್ಕೂರು ಕ್ರಾಸಿನಲ್ಲಿ ಲಾರಿ ಹೊಡೆದು ಬಲಗಾಲು ಎರಡು ಕಡೆ ಮುರಿಯಿತು. ಮೂರು ವರ್ಷ ಕೇಸು ನಡೆಯಿತು. ಈ ಮನುಷ್ಯ ಇನ್ನು ಕುಕ್ಕರಗಾಲಿನಲ್ಲಿ ಕೂರಲಾರ, ಹೊಲದ ಕೆಲಸ ಮಾಡಲಾರ ಎಂದು ಅವರ ವಕೀಲರು ಬರೆದಿದ್ದರು. ಸಾಕ್ಷಿ ಹೇಳುವ ದಿನ ಮುನಿರಾಮಯ್ಯನವರು ಕೋರ್ಟಿನ ಮೊಗಸಾಲೆಯಲ್ಲಿ ಗೋಡೆ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬೀಡಿ ಸೇದುತ್ತಿದ್ದರು. ಕಂಪನಿ ಕಡೆಯ ವಕೀಲ ಅದನ್ನು ನೋಡಿದ. ಕಟಕಟೆಯಲ್ಲಿ ನಿಲ್ಲಿಸಿ, ಈಗ ಹೊರಗೆ ಹೇಗೆ ಕೂತಿದ್ದಿರಿ ಹೇಳಿ ಎಂದ. ಇವರು ಹೌದು ಸ್ವಾಮಿ, ಹಾಗೇ ಕೂತಿದ್ದೆ ಎಂದು ಒಪ್ಪಿಕೊಂಡರು. ಆಸ್ಪತ್ರೆಯ ಖರ್ಚಿಗೂ ಸಾಲದಷ್ಟು ಬಂತು. ಪಿಯುಸಿ ಓದುತ್ತಿದ್ದ ಮಗ ಎರಡು ವರ್ಷ ಕಾಲೇಜು ಬಿಟ್ಟು ಹೆಬ್ಬಾಳದ ಕಡೆ ನರ್ಸರಿಯಲ್ಲಿ ಗಿಡಕ್ಕೆ ನೀರು ಹಾಕಿದ. ಆಮೇಲೆ ಸಂಜೆ ಕಾಲೇಜಿನಲ್ಲಿ ಕಾನೂನು ಓದಿ ವಕೀಲನಾದ.

ಈ ಕಥೆಯನ್ನು ಸರ್ ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. "ನಮ್ಮಪ್ಪ ಒಂದು ಬೀಡಿಗೋಸ್ಕರ ಕೇಸ್ ಕಳ್ಕೊಂಡ್ರು, ನೀವು ಹಂಗ್ ಮಾಡ್ಬೇಡಿ" ಎಂದು ಮುಗಿಸುತ್ತಿದ್ದರು. ಜನ ನಗುತ್ತಿದ್ದರು, ಸರ್ ನಗುತ್ತಿರಲಿಲ್ಲ. ಕೋಲು ಬಿಟ್ಟು ಬರಬೇಡಿ, ಕಂಪನಿಯವರು ಮನೆ ಹತ್ತಿರ ಬಂದು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಾರೆ, ಡಾಕ್ಟರು ಬಂದು ಎಷ್ಟು ಮಡಚುತ್ತದೆ ಎಷ್ಟು ಚಾಚುತ್ತದೆ ಎಂದು ಅಳತೆ ತೆಗೆಯುವವರೆಗೆ ವ್ಯಾಯಾಮ ಗಿಯಾಮ ಸ್ವಲ್ಪ ತಡೆಯಿರಿ, ಎರಡು ತಿಂಗಳ ಮಾತು ಎನ್ನುತ್ತಿದ್ದರು. ಕೋರ್ಟಿನ ವಾಯಿದೆಯ ಹಿಂದಿನ ದಿನ ಇದನ್ನೇ ಫೋನಿನಲ್ಲಿ ನೆನಪಿಸುವುದು ನನ್ನ ಕೆಲಸ.

ನಿಜ ಹೇಳಬೇಕೆಂದರೆ ಯಾರೂ ಅದನ್ನು ಪಾಲಿಸುತ್ತಿರಲಿಲ್ಲ. ಕೋರ್ಟಿನ ಗೇಟಿನವರೆಗೆ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಅಲ್ಲಿಂದ ಕುಂಟುತ್ತಿದ್ದರು. ಮನೆಯೊಳಗೆ ಬಾಗಿಲು ಹಾಕಿಕೊಂಡು ವ್ಯಾಯಾಮ ಮಾಡುತ್ತಿದ್ದರು. ನಮಗೂ ಗೊತ್ತಿತ್ತು. ಎಲ್ಲರೂ ಕದ್ದು ಗುಣವಾಗುತ್ತಾರೆ ಎಂಬ ಧೈರ್ಯದ ಮೇಲೆ ನಮ್ಮ ನಿಯಮ ನಿಂತಿತ್ತು.

ಶಿಲ್ಪಳನ್ನು ಆಫೀಸಿಗೆ ಕರೆದುಕೊಂಡು ಬಂದವಳು ನಾನೇ. ಯಲಹಂಕದ ಹತ್ತಿರದ ಪುಟ್ಟೇನಹಳ್ಳಿಯ ಹುಡುಗಿ. ಗಂಡ ಪುನೀತ್ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಾನೆ. ಇವಳು ಮನೆಯಲ್ಲೇ ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ನನ್ನ ತಂಗಿಯ ಮಗಳ ಮದುವೆಗೆ ಹನ್ನೆರಡು ಸೀರೆಗೆ ಇವಳೇ ಕಟ್ಟಿದ್ದು. ಅಂಥ ಕೆಲಸವನ್ನು ನಾನು ಬೇರೆ ಕಡೆ ನೋಡಿಲ್ಲ. ರೇಷ್ಮೆ ದಾರವನ್ನು ಬೆರಳಿನಲ್ಲಿ ಸುತ್ತಿ, ಗಂಟು ಹಾಕಿ, ಮಣಿ ಪೋಣಿಸಿ ಬಿಡುತ್ತಿದ್ದರೆ ನೋಡುವವರಿಗೆ ಏನಾಯಿತೆಂದೇ ತಿಳಿಯುತ್ತಿರಲಿಲ್ಲ. ಅವಳದ್ದು ಇನ್ನೊಂದು ಗುಣ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು. ಒಂದು ಸಲ ನಾನು ಎಪ್ಪತ್ತೆರಡು ಕುಚ್ಚು ಸಾಕು ಎಂದಿದ್ದೆ. ಸೆರಗು ಸ್ವಲ್ಪ ಅಗಲ ಇತ್ತು. ಬೇರೆ ಯಾರಾದರೂ ಇನ್ನೆರಡು ಸೇರಿಸಿ ಸುಮ್ಮನಾಗುತ್ತಿದ್ದರು. ಇವಳು ಎಪ್ಪತ್ತೆರಡನ್ನೂ ಬಿಚ್ಚಿ, ಅಂತರ ಸರಿ ಮಾಡಿ, ಮತ್ತೆ ಎಪ್ಪತ್ತೆರಡೇ ಕಟ್ಟಿದಳು. ನಾನು ಅದನ್ನು ಎಲ್ಲರಿಗೂ ಹೊಗಳಿ ಹೇಳಿಕೊಂಡು ತಿರುಗಿದ್ದೆ.

ಎರಡು ಸಾವಿರದ ಇಪ್ಪತ್ತೆರಡರ ಫೆಬ್ರವರಿಯಲ್ಲಿ ಸ್ಕೂಟರಿನಲ್ಲಿ ಬರುತ್ತಿದ್ದವಳನ್ನು ನೀರಿನ ಟ್ಯಾಂಕರ್ ಒಂದು ತಿರುವಿನಲ್ಲಿ ಒತ್ತಿಕೊಂಡು ಹೋಯಿತು. ಬಲಗೈಯ ಮಣಿಕಟ್ಟು, ಅಂಗೈಯ ಮೂರು ಮೂಳೆ ಮುರಿದವು. ಆಪರೇಷನ್ ಆಯಿತು, ತಂತಿ ಹಾಕಿ ಆರು ವಾರಕ್ಕೆ ತೆಗೆದರು. ಆಸ್ಪತ್ರೆಯವರು ಒಂದು ಚಿತ್ರದ ಹಾಳೆ ಕೊಟ್ಟಿದ್ದರು. ಬಿಸಿನೀರಿನಲ್ಲಿ ಕೈ ಅದ್ದುವುದು, ಬೆರಳು ಮಡಚಿ ಬಿಡಿಸುವುದು, ಸ್ಪಂಜಿನ ಚೆಂಡು ಅಮುಕುವುದು. ಮೊದಲ ದಿನ ಆಫೀಸಿಗೆ ಬಂದಾಗ ಅವಳು ಆ ಹಾಳೆಯನ್ನೂ ತಂದಿದ್ದಳು. ನನ್ನ ಮೇಜಿನ ಮೇಲೆ ಇಟ್ಟಿದ್ದ ಪೆನ್ನನ್ನು ಮೂರು ಬೆರಳಲ್ಲಿ ಎತ್ತಿ ತೋರಿಸಿದಳು. ನಾನು ಖುಷಿಪಟ್ಟೆ.

ಸರ್ ಖುಷಿಪಡಲಿಲ್ಲ. ಹಾಳೆಯನ್ನು ಫೈಲಿನೊಳಗೆ ಇಟ್ಟುಕೊಂಡು ಬೀಡಿಯ ಕಥೆ ಹೇಳಿದರು. "ಎರಡು ತಿಂಗ್ಳು ತಡ್ಕೊಳಮ್ಮ. ಅಳತೆ ಆಗ್ಲಿ, ಆಮೇಲೆ ಎಷ್ಟು ಬೇಕಾದ್ರೂ ಆಡಿಸ್ಕೋ" ಎಂದರು. ಅವಳು ಆಗಲಿ ಸರ್ ಎಂದಳು. ಆಮೇಲೆ ಸರ್ ನನಗೆ ಅರ್ಜಿ ಹೇಳಿ ಬರೆಸಿದರು. ನಮ್ಮಲ್ಲಿ ಕಾಲಿಗೊಂದು, ಕೈಗೊಂದು, ಸೊಂಟಕ್ಕೊಂದು ವಾಕ್ಯ ಸಿದ್ಧವಾಗಿಯೇ ಇರುತ್ತಿತ್ತು. ಅರ್ಜಿದಾರಳು ಬಲಗೈಯಿಂದ ಮುಷ್ಟಿ ಹಿಡಿಯಲಾರಳು, ಅನ್ನ ಕಲಸಲಾರಳು, ಜಡೆ ಹೆಣೆಯಲಾರಳು, ಬಿಂದಿಗೆ ಎತ್ತಲಾರಳು, ಸೂಜಿಗೆ ದಾರ ಪೋಣಿಸಲಾರಳು. ಅವಳು ಪೆನ್ನು ಎತ್ತಿ ತೋರಿಸಿದ ಮೇಜಿನ ಮೇಲೇ ಇದನ್ನು ಟೈಪ್ ಮಾಡಿದೆ. ಒಂದು ಕ್ಷಣವೂ ಕೈ ನಿಲ್ಲಲಿಲ್ಲ.

ಎರಡು ತಿಂಗಳು ಹತ್ತೊಂಬತ್ತು ತಿಂಗಳಾಯಿತು. ಒಂದು ಸಲ ನ್ಯಾಯಾಧೀಶರಿಗೆ ವರ್ಗ, ಒಂದು ಸಲ ಬೇಸಿಗೆ ರಜೆ, ಒಂದು ಸಲ ಕಂಪನಿ ಕಡೆಯವರು ಸಮಯ ಕೇಳಿದರು, ಎರಡು ಸಲ ಡಾಕ್ಟರು ಬರಲಿಲ್ಲ, ಇನ್ನೊಂದು ಸಲ ವಕೀಲರೆಲ್ಲ ಸೇರಿ ಕಲಾಪ ಬಹಿಷ್ಕರಿಸಿದರು. ಸರ್ ಕೈಯಲ್ಲಿ ಆಗ ನಾನೂರು ಕೇಸುಗಳಿದ್ದವು. ಎರಡು ತಿಂಗಳು ಎಂದು ಹೇಳಿದ್ದು ಅವರಿಗೆ ನೆನಪಿರಲಿಲ್ಲ. ಆದರೆ ನಾನು ಪ್ರತಿ ವಾಯಿದೆಯ ಹಿಂದಿನ ದಿನ ತಪ್ಪದೆ ಫೋನು ಮಾಡುತ್ತಿದ್ದೆ. ನಾಳೆ ಬೆಳಗ್ಗೆ ಹತ್ತೂವರೆಗೆ ಬಾ, ಆಧಾರ್ ತಗೊಂಡು ಬಾ, ಕೈ ಹಾಗೇ ಇರಲಿ. ಹನ್ನೊಂದು ವಾಯಿದೆ, ಹನ್ನೊಂದು ಸಲ ಹೇಳಿದ್ದೇನೆ.

ಅವಳು ಮನೆಯೊಳಗೂ ಬಲಗೈಗೆ ಟವೆಲ್ ಸುತ್ತಿಕೊಂಡಿರುತ್ತಿದ್ದಳಂತೆ. ಎದುರಿಗೆ ಅಪಾರ್ಟ್‌ಮೆಂಟ್ ಎದ್ದಿತ್ತು, ಯಾರು ಯಾವ ಬಾಲ್ಕನಿಯಿಂದ ವಿಡಿಯೋ ತೆಗೆಯುತ್ತಾರೋ ಎಂದು ಕಿಟಕಿ ತೆಗೆಯುತ್ತಿರಲಿಲ್ಲ. ಜಡೆಯನ್ನು ಪುನೀತನೇ ಹೆಣೆಯುತ್ತಿದ್ದ. ನಿದ್ದೆಯಲ್ಲಿ ಬೆರಳು ಆಡೀತು ಎಂದು ಮಲಗುವಾಗ ಬಟ್ಟೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು.

ಗೊತ್ತಾಗಬೇಕಿತ್ತು. ಎಂಟನೇ ತಿಂಗಳಿನಲ್ಲಿ ಒಂದು ದಿನ ಫೋನಿನಲ್ಲಿ ಕೇಳಿದಳು. "ಕೌಸಲ್ಯಕ್ಕ, ಬೆರಳು ಯಾಕೋ ಬಿಗಿಯಾಗ್ತಿದೆ. ಪರ್ವಾಗಿಲ್ವಾ, ಸರ್‌ನ ಕೇಳ್ತೀರಾ?" ನಾನು ಫೋನು ಕಿವಿಯಲ್ಲಿಟ್ಟುಕೊಂಡೇ ಸರ್ ಕಡೆ ತಿರುಗಿ ಕೇಳಿದೆ. ಅವರು ಬೇರೆ ಯಾವುದೋ ಫೈಲು ಹುಡುಕುತ್ತಿದ್ದರು. ಒಳ್ಳೆಯದೇ ಆಯಿತು ಬಿಡಿ, ಅಳತೆಗೆ ಚೆನ್ನಾಗಿ ಬರುತ್ತದೆ ಎಂದರು. ನಾನು ಫೋನಿಗೆ, "ಪರ್ವಾಗಿಲ್ವಂತೆ ಕಣೆ" ಎಂದೆ. ಆ ಮೇಲೆ ಅವಳು ಮತ್ತೆ ಕೇಳಲಿಲ್ಲ.

ಕೊನೆಗೂ ಅಳತೆಯ ದಿನ ಬಂತು. ಡಾಕ್ಟರು ಅವಳ ಬೆರಳು ಹಿಡಿದು ಮಡಚಲು ನೋಡಿದಾಗ ಅವಳು ತುಟಿ ಕಚ್ಚಿಕೊಂಡು ಅತ್ತಳು. ಬೆರಳು ಅರ್ಧ ಬಾಗಿ ನಿಂತಿದ್ದವು, ಅತ್ತ ಮುಷ್ಟಿಯೂ ಅಲ್ಲ, ಇತ್ತ ಅಂಗೈಯೂ ಅಲ್ಲ. ಡಾಕ್ಟರು ಬರೆದುಕೊಂಡರು. ಕಂಪನಿಯ ವಕೀಲ ಪಾಟೀಸವಾಲಿನಲ್ಲಿ ಏನೇನೋ ಕೇಳಿ ಸುಸ್ತಾದ. ವಾಪಸು ನಾವಿಬ್ಬರೇ ಬರುವಾಗ ಕಾರಿನಲ್ಲಿ ಸರ್ ಬಹಳ ಸಂತೋಷವಾಗಿದ್ದರು. ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾರೂ ಮಾಡಿ ತೋರಿಸಿರಲಿಲ್ಲ ಮೇಡಂ, ಹುಡುಗಿ ನಾಟಕಕ್ಕೆ ಸೇರಬೇಕಿತ್ತು ಎಂದರು. ನಾನೂ ನಕ್ಕೆ.

ತೀರ್ಪು ಇಪ್ಪತ್ನಾಲ್ಕರ ಕೊನೆಯಲ್ಲಿ ಬಂತು. ಕೈಯ ಕೇಸಿಗೆ ನಮ್ಮ ಆಫೀಸಿನಲ್ಲಿ ಅಷ್ಟು ಪರಿಹಾರ ಅದುವರೆಗೆ ಬಂದಿರಲಿಲ್ಲ. ಬೇರೆ ವಕೀಲರು ಫೋನು ಮಾಡಿ ತೀರ್ಪಿನ ಪ್ರತಿ ಕೇಳಿದರು. ವಕೀಲರ ಸಂಘದಲ್ಲಿ ಕಿರಿಯರಿಗೆ ಪಾಠ ಮಾಡಲು ಕರೆದು ಶಾಲು ಹೊದಿಸಿದರು.

ಮಾರನೇ ವಾರ ಶಿಲ್ಪ ಒಬ್ಬಳೇ ಬಸ್ಸಿನಲ್ಲಿ ಬಂದಳು. ಎಡಗೈಯಲ್ಲಿ ಮೈಸೂರ್‌ಪಾಕಿನ ಡಬ್ಬಿ, ಬಲಗೈ ಟವೆಲಿನಲ್ಲಿ. ಸರ್ ಬಾಯ್ತುಂಬ ನಕ್ಕು ಕೂರಿಸಿದರು. ಅವಳು ಡಬ್ಬಿ ಕೊಟ್ಟು, ನಮಸ್ಕಾರ ಮಾಡಿ, ಟವೆಲನ್ನು ಬಿಚ್ಚಿ ಕೈಯನ್ನು ಮೇಜಿನ ಮೇಲೆ ಇಟ್ಟಳು.

"ಕೇಸ್ ಮುಗೀತಲ್ಲ ಸರ್. ಇನ್ಮೇಲೆ ಕೈ ಆಡಿಸ್ಬೋದಾ?"

ಸರ್‌ಗೆ ಅರ್ಥವಾಗಲಿಲ್ಲ. ಹಂಗಂದ್ರೆ ಏನಮ್ಮ ಎಂದರು.

"ನೀವೇ ಹೇಳಿದ್ರಲ್ಲ ಸರ್, ಅಳತೆ ಆಗೋವರ್ಗೂ ಆಡಿಸ್ಬೇಡ ಅಂತ. ಅಳತೆ ಆದ್ಮೇಲೂ ಅಕ್ಕ ಏನೂ ಹೇಳ್ಲಿಲ್ಲ. ಅದಕ್ಕೆ ಜಡ್ಜ್‌ಮೆಂಟ್ ಬರ್ಲಿ ಅಂತ ಕಾಯ್ತಿದ್ದೆ. ನನ್ನ ಹಾಳೆ ಫೈಲಲ್ಲೇ ಇದ್ಯಲ್ಲ, ಅದ್ ಕೊಟ್ಟುಬಿಡಿ."

ಬಾಲರಾಜ್ ಸರ್ ಎದ್ದು ಅವಳ ಪಕ್ಕಕ್ಕೆ ಬಂದು ಆ ಕೈ ಹಿಡಿದುಕೊಂಡರು. ತೋರುಬೆರಳನ್ನು ಮೆಲ್ಲಗೆ ಮಡಚಲು ನೋಡಿದರು. ಅದು ಮಡಚಲಿಲ್ಲ. ಮಧ್ಯದ ಬೆರಳು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖ ನೋಡಲಾಗದೆ ನಾನು ಕಪಾಟಿನ ಹತ್ತಿರ ಹೋಗಿ ಫೈಲು ತೆಗೆದೆ. ಹಾಳೆ ಅರ್ಜಿಯ ಪಕ್ಕದಲ್ಲೇ ಮಡಚಿದ ಹಾಗೇ ಇತ್ತು. ಮುಷ್ಟಿ ಹಿಡಿಯಲಾರಳು, ಅನ್ನ ಕಲಸಲಾರಳು, ಜಡೆ ಹೆಣೆಯಲಾರಳು. ನಾನು ಬರೆದಾಗ ಅದು ಸುಳ್ಳಾಗಿತ್ತು. ಇಪ್ಪತ್ತೊಂದು ವರ್ಷದಲ್ಲಿ ನಾನು ಟೈಪ್ ಮಾಡಿದ ಅರ್ಜಿಗಳಲ್ಲಿ ಅಕ್ಷರಕ್ಷರವೂ ನಿಜವಾಗಿರುವುದು ಈಗ ಅದೊಂದೇ.

ಅವತ್ತೇ ಸರ್ ಬೇರೆ ಕೆಲಸವೆಲ್ಲ ಬಿಟ್ಟು ಅವಳನ್ನೂ ನನ್ನನ್ನೂ ಹೆಬ್ಬಾಳದ ಹತ್ತಿರದ ಒಬ್ಬ ಕೈ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಡಾಕ್ಟರು ಎಕ್ಸ್‌ರೇ ನೋಡಿ ಶಿಲ್ಪಳನ್ನು ಹೊರಗೆ ಕೂರಿಸಿದರು. ಮೂಳೆಗಳು ಚೆನ್ನಾಗಿಯೇ ಕೂಡಿವೆ ಎಂದರು. ಮೊದಲ ಮೂರು ನಾಲ್ಕು ತಿಂಗಳಲ್ಲಿ ಆಡಿಸಿದ್ದರೆ ಕೈ ಹೆಚ್ಚುಕಡಿಮೆ ಮೊದಲಿನ ಹಾಗೆ ಆಗುತ್ತಿತ್ತು. ಈಗ ಕೀಲುಗಳೆಲ್ಲ ಗಟ್ಟಿಯಾಗಿ ಕೂತಿವೆ, ಆಪರೇಷನ್ ಮಾಡಿದರೂ ಲೋಟ ಹಿಡಿಯುವಷ್ಟಾದರೆ ಹೆಚ್ಚು, ದಾರ ಗೀರದ ಕೆಲಸ ಮರೆತುಬಿಡಿ. ಇಷ್ಟು ದಿನ ಯಾಕೆ ವ್ಯಾಯಾಮ ಮಾಡಲಿಲ್ಲ, ಆಸ್ಪತ್ರೆಯವರು ಹೇಳಿರಲಿಲ್ಲವೇ ಎಂದು ಕೇಳಿದರು. ಕೋರ್ಟಿನಲ್ಲಿ ಯಾವ ಪ್ರಶ್ನೆಗೂ ತಡವರಿಸದ ಸರ್ ಎಕ್ಸ್‌ರೇಯನ್ನು ಮತ್ತೆ ಕವರಿಗೆ ಹಾಕತೊಡಗಿದರು. ಹೇಳಿದ್ದರು ಎಂದು ನಾನು ಉತ್ತರ ಕೊಟ್ಟೆ.

ಹೊರಗೆ ಶಿಲ್ಪ ಎದ್ದು ನಿಂತು, ಏನಂದ್ರು ಸರ್ ಎಂದಳು. ಸರ್ ಬಾಯಿ ತೆಗೆದರು. ಹೇಳುತ್ತಾರೆ ಎಂದುಕೊಂಡೆ.

"ವ್ಯಾಯಾಮ ಮಾಡ್ಬೇಕಂತೆ ಕಣಮ್ಮ" ಎಂದರು. "ದಿನಕ್ಕೆ ನೂರು ಸಲ. ನಿಧಾನಕ್ಕೆ ಸರಿಹೋಗುತ್ತಂತೆ."

ಅವಳ ಮುಖ ಅರಳಿತು. ಫೈಲಿನಿಂದ ತೆಗೆದಿದ್ದ ಹಾಳೆಯನ್ನು ನಾನು ಅವಳ ಎಡಗೈಗೆ ಕೊಟ್ಟೆ.

ಅವಳನ್ನು ಪುಟ್ಟೇನಹಳ್ಳಿಯಲ್ಲಿ ಇಳಿಸಿ ವಾಪಸು ಬರುವಾಗ ಸರ್ ಆಫೀಸಿನ ಕಡೆ ಹೋಗದೆ ಕಾರನ್ನು ಜಕ್ಕೂರಿನೊಳಕ್ಕೆ ತಿರುಗಿಸಿದರು. ಹಳೇ ಊರಿನ ಅವರ ಮನೆ ಮುಂದೆ ಮುನಿರಾಮಯ್ಯನವರು ಬಿಸಿಲು ಕಾಯಿಸಿಕೊಳ್ಳುತ್ತ, ಮೊರದಲ್ಲಿ ನೆನೆಸಿದ ಅವರೆಕಾಳು ಇಟ್ಟುಕೊಂಡು ಹಿದುಕುತ್ತಿದ್ದರು. ಎಂಬತ್ತು ದಾಟಿದೆ. ಕೂತಿದ್ದು ಕುಕ್ಕರಗಾಲಿನಲ್ಲೇ. ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನ ಸುತ್ತು ಹಾಕುತ್ತಿತ್ತು. ಸರ್ ಅಪ್ಪನ ಎದುರಿಗೆ ನೆಲದ ಮೇಲೆ ಕೂತು ಎಲ್ಲ ಹೇಳಿದರು. ಬೀಡಿಯ ಕಥೆ ಹೇಳಿ ಹುಡುಗಿಯನ್ನು ಹೆದರಿಸಿದ್ದನ್ನೂ ಹೇಳಿದರು. ಮುದುಕರು ಕಾಳು ಹಿದುಕುವುದನ್ನು ನಿಲ್ಲಿಸಲಿಲ್ಲ.

"ಅವತ್ತು ನಾನು ಬೀಡಿ ಸೇದಾಕೆ ಕುಂತಿರ್ಲಿಲ್ಲ ಕಣಪ್ಪ" ಎಂದರು. "ಮೂರು ವರ್ಸ ದಿನಾ ಬೆಳಗ್ಗೆ ಮನೆ ಇಂದ್ಗಡೆ ಗೋಡೆ ಇಡ್ಕಂಡು ಕೂರಾಕೆ ನೋಡ್ತಿದ್ದೆ. ಆಗ್ತಿರ್ಲಿಲ್ಲ. ಕೋರ್ಟಾಗೆ ಕಾಯ್ತಾ ಕಾಯ್ತಾ ಸುಮ್ಕೆ ಒಂದ್ಕಿತ ನೋಡ್ದೆ, ಕುಂತ್ಕಂಡ್ಬುಟ್ಟೆ. ಆ ಖುಸೀಗೆ ಒಂದ್ ಬೀಡಿ ಅಚ್ಕಂಡೆ."

ಇನ್ನೊಂದು ಕಾಳು ಹಿದುಕಿ, "ನಿಂಗೇ ಮೊದ್ಲು ಯೋಳಾನ ಅಂತಿದ್ದೆ. ನೀನು ಆರು ತಿಂಗ್ಳು ನನ್ನ ಮಾತಾಡಿಸ್ಲಿಲ್ಲ" ಎಂದರು.

ಬಾಲರಾಜ್ ಸರ್ ಅಳುವುದನ್ನು ನಾನು ಅವತ್ತೇ ನೋಡಿದ್ದು. ಅಪ್ಪನ ಮುರಿದ ಕಾಲಿನ ಮೇಲೆ, ಮೂವತ್ತು ವರ್ಷದಿಂದ ನಡೆಯುತ್ತ ಕೂರುತ್ತ ಇರುವ ಕಾಲಿನ ಮೇಲೆ, ಕೈಯಿಟ್ಟುಕೊಂಡು ಅತ್ತರು. ನನಗೆ ಕನಿಕರ ಬರಲಿಲ್ಲ. ಆ ಕಾಲು ಮೂವತ್ತು ವರ್ಷ ಅವರ ಕಣ್ಣೆದುರಿಗೇ ಓಡಾಡಿಕೊಂಡಿತ್ತಲ್ಲ ಎಂದು ಸಿಟ್ಟು ಬಂತು. ನನ್ನ ಕಣ್ಣೆದುರಿಗೂ ಶಿಲ್ಪಳ ಮೂರು ಬೆರಳಲ್ಲಿ ಒಂದು ಪೆನ್ನು ಎದ್ದಿತ್ತು ಎಂದು ನೆನಪಾಗಿ ಆ ಸಿಟ್ಟೂ ನಿಲ್ಲಲಿಲ್ಲ.

ಇದಾಗಿ ವರ್ಷವಾಯಿತು. ಆಫೀಸು ನಡೆಯುತ್ತಿದೆ. ಸರ್ ಈಗ ಬೀಡಿಯ ಕಥೆ ಹೇಳುವುದಿಲ್ಲ. ಬಂದವರಿಗೆ ಮೊದಲು ವ್ಯಾಯಾಮ ಮಾಡಿ, ಕೇಸು ಹೇಗೋ ಆಗುತ್ತದೆ ಎನ್ನುತ್ತಾರೆ. ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಇವರಿಗೆ ಮೊದಲಿನ ಚುರುಕಿಲ್ಲ ಎಂದುಕೊಂಡು ಎಷ್ಟೋ ಜನ ಯಶವಂತಪುರದ ಇನ್ನೊಬ್ಬ ವಕೀಲರ ಹತ್ತಿರ ಹೋಗಿದ್ದಾರೆ. ಆ ವಕೀಲರು ಸಂಘದಲ್ಲಿ ಸರ್ ಮಾಡಿದ ಪಾಠ ಕೇಳಿಸಿಕೊಂಡವರು. ಅಳತೆ ಆಗುವವರೆಗೆ ತಡೆಯಿರಿ ಎಂದು ಅವರೂ ಹೇಳುತ್ತಾರಂತೆ.

ಶಿಲ್ಪಳಿಗೆ ನಿಜ ಹೇಳಬೇಕೆಂದು ಸರ್ ನಾಲ್ಕು ಸಲ ಪುಟ್ಟೇನಹಳ್ಳಿಯವರೆಗೆ ಹೋಗಿ ಕಾಫಿ ಕುಡಿದು ಬಂದಿದ್ದಾರೆ. ನಾನು ಎರಡು ಸಲ ಹೋಗಿ ಬಂದೆ. ಅವಳ ಮನೆಯ ಕಪಾಟಿನಲ್ಲಿ ಬಣ್ಣಬಣ್ಣದ ರೇಷ್ಮೆ ದಾರದ ಉಂಡೆಗಳನ್ನು ಧೂಳು ಕೂರದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟಿದ್ದಾಳೆ. ಯುಗಾದಿಯೊಳಗೆ ನಿಮ್ಮ ಸೀರೆಯಿಂದಲೇ ಶುರು ಮಾಡುತ್ತೇನೆ ಅಕ್ಕ ಎಂದು ಹೋದ ವರ್ಷ ಹೇಳಿದ್ದಳು. ಈಗ ಮುಂದಿನ ಯುಗಾದಿ ಎನ್ನುತ್ತಾಳೆ.

ಪ್ರತಿ ಶನಿವಾರ ಹನ್ನೊಂದು ಗಂಟೆಗೆ ಸರಿಯಾಗಿ ಅವಳ ಫೋನು ಬರುತ್ತದೆ. ವಾರಕ್ಕೊಮ್ಮೆ ತಿಳಿಸು ಎಂದು ಸರ್ ಒಂದು ಸಲ ಬಾಯಿಮಾತಿಗೆ ಅಂದಿದ್ದರು, ಅಷ್ಟೇ.

"ಅಕ್ಕ, ಈ ವಾರಾನೂ ದಿನಕ್ಕೆ ನೂರು ಸಲ ಮಾಡ್ದೆ. ಒಂದ್ ದಿನಾನೂ ತಪ್ಪಿಸಿಲ್ಲ. ಸರ್‌ಗೆ ಹೇಳಿ."

ಹೇಳ್ತೀನಿ ಎಂದು ಫೋನು ಇಡುತ್ತೇನೆ. ಸರ್ ಎದುರಿಗೇ ಕೂತು ಕೇಳಿಸಿಕೊಂಡಿರುತ್ತಾರೆ.